ಕಾರ್ಡು ಎಳೆದು ಬರೆದ ಕವಿತೆ

ಕವಿತೆ ಬರೆಯುವವರನ್ನು ನಾನು ಸಹಿಸಿಕೊಳ್ಳಬಲ್ಲೆ; ಬರೆಯುವುದು ಸುಲಭ ಎನ್ನುವವರನ್ನು ಕಂಡರೆ ಮಾತ್ರ ಮೈ ಉರಿಯುತ್ತದೆ. ಒಂದೊಂದು ಸಾಲಿಗೂ ವಾರಗಟ್ಟಲೆ ತಲೆ ಕೆರೆದುಕೊಂಡವನು ನಾನು. ಆಮೇಲೆ ಓದಿದವರೂ ತಲೆ ಕೆರೆದುಕೊಂಡರು, ಅದು ಬೇರೆ ವಿಷಯ. ಹೀಗಿರುವಾಗ ಪರ್ಕಳದ ನಮ್ಮ ಮನೆಯ ಮಹಡಿಯಲ್ಲಿ ಬಾಡಿಗೆಗಿರುವ, ಮಣಿಪಾಲದಲ್ಲಿ ಓದುವ ಹುಡುಗಿಯೊಬ್ಬಳು ನನ್ನ ಹೆಂಡತಿ ವಾರಿಜಳಿಗೆ ಟ್ಯಾರೋ ಕಾರ್ಡಿನಿಂದ ಕವಿತೆ ಬರೆಯುವುದನ್ನು ಕಲಿಸಿಬಿಟ್ಟಳು. ಭವಿಷ್ಯ ಹೇಳುವ ಚಿತ್ರದ ಕಾರ್ಡುಗಳವು. ಕಟ್ಟು ಕಲಸಬೇಕು, ಒಂದನ್ನು ಎಳೆಯಬೇಕು, ಚಿತ್ರ ನೋಡಿ ತೋಚಿದ್ದನ್ನು ಬರೆಯಬೇಕು. ಇಸ್ಪೀಟು ಆಡುವವರಿಗಾದರೂ ಸೋಲುವ ಭಯವಿರುತ್ತದೆ, ಇವರಿಗೆ ಅದೂ ಇಲ್ಲ! ಉರುಳುವ ಗೋಪುರದ ಕಾರ್ಡು ಬಂದ ದಿನ ವಾರಿಜ ಒಲೆ ಮರೆತು ಬರೆದಳು. ಸಾರು ತಳ ಹಿಡಿಯಿತು.

"ಆ ಕಾರ್ಡಿನ ಅರ್ಥ ಯಾರಿಗೆ ಬೇಕಾದರೂ ಹೊಂದುತ್ತದೆ. ರೆಡಿಮೇಡ್ ಅಂಗಿ! ಅದಕ್ಕೆ ಕವಿತೆ ಅಂತ ಹೆಸರು ಬೇರೆ" ಎಂದೆ.

"ಹಾಕಿ ನೋಡದೆ ದೊಗಳೆ ಅಂತ ಹೇಳುವುದು ಎಂತಕ್ಕೆ ಮಾರಾಯ್ರೆ? ನೀವೂ ಒಂದು ಕಾರ್ಡು ತೆಗೆಯಿರಿ" ಎಂದಳು. ನಾನು ಮುಟ್ಟಲಿಲ್ಲ. ಮರ್ಯಾದೆ ಎಂಬುದೊಂದು ಇದೆಯಲ್ಲ.

ಅಷ್ಟರಲ್ಲಿ ಕಾಪುವಿನ ಕವಿಗೋಷ್ಠಿಯೊಂದಕ್ಕೆ ನನ್ನನ್ನು ಅಧ್ಯಕ್ಷನಾಗಿ ಕರೆದರು. ಆಮಂತ್ರಣ ಪತ್ರಿಕೆ ನೋಡಿದರೆ ಕವಿಗಳ ಸಾಲಿನಲ್ಲಿ ವಾರಿಜಳ ಹೆಸರು! ನನಗೆ ನಿಜಕ್ಕೂ ಹೆದರಿಕೆಯಾಯಿತು. ಊರವರೆದುರು ಇವಳು ಕಾರ್ಡು ಹಿಡಿದು ನಿಂತರೆ, ಇಷ್ಟು ವರ್ಷ ಕಷ್ಟಪಟ್ಟು ಉಳಿಸಿಕೊಂಡ ನನ್ನ ಕವಿಯೆಂಬ ಹೆಸರು ಸಮುದ್ರದ ಪಾಲು. ನಮ್ಮ ಗೋಷ್ಠಿಗಳಲ್ಲಿ ಅಧ್ಯಕ್ಷರು ಕೊನೆಗೆ ಒಬ್ಬೊಬ್ಬ ಕವಿಯನ್ನೂ ಒಂದೊಂದು ಮಾತಿನಲ್ಲಿ ಹೊಗಳಬೇಕು. ಕವಿತೆ ಕೇಳಿ ಹೊಗಳಲು ಹೊರಟರೆ ಊಟಕ್ಕೆ ತಡವಾಗುತ್ತದೆ. ಆದ್ದರಿಂದ ಆ ಮಾತುಗಳನ್ನು ನಾನು ಮನೆಯಲ್ಲೇ ಬರೆದುಕೊಂಡು ಹೋಗುತ್ತೇನೆ.

ಗೋಷ್ಠಿಯ ದಿನ ತನ್ನ ಸರದಿ ಬಂದಾಗ ವಾರಿಜ ವೇದಿಕೆಯಲ್ಲಿ ನಿಂತು ಒಂದು ಕಾರ್ಡು ಎತ್ತಿ ತೋರಿಸಿದಳು: ಗಂಟು ಹೊತ್ತವನೊಬ್ಬ ಆಕಾಶ ನೋಡುತ್ತಾ ಪ್ರಪಾತದ ಅಂಚಿನಲ್ಲಿದ್ದಾನೆ, ಕಾಲ ಬಳಿ ಒಂದು ನಾಯಿ. "ಈ ಕಾರ್ಡಿನ ಹೆಸರು ಮೂರ್ಖ" ಎಂದು ಹೇಳಿ ಓದತೊಡಗಿದಳು. ಬಸಳೆ ತರಲು ಹೊರಟವನು ಪ್ರಾಸ ಹುಡುಕುತ್ತಾ ಅಂಗಡಿ ದಾಟಿ ಹೋಗುತ್ತಾನೆ. ಖಾಲಿ ಚೀಲದೊಡನೆ ಮರಳಿ, ಊಟಕ್ಕೆ ಎಂತ ಉಂಟು ಎಂದು ಕೇಳುತ್ತಾನೆ. ಅವನನ್ನು ಅಂಚಿನಿಂದ ಎಳೆದೆಳೆದು ನಾಯಿಗೆ ಈಗ ದಣಿವಾಗಿದೆ. ಸಭೆ ಜೋರಾಗಿ ಚಪ್ಪಾಳೆ ತಟ್ಟಿತು. ಕವಿತೆ ಚೆನ್ನಾಗಿತ್ತು. ನನ್ನ ಹೊಟ್ಟೆ ಉರಿದದ್ದು ಅದಕ್ಕೇ.

ನನ್ನ ಸರದಿ ಬಂದಾಗ ಹೊಸ ಮಾತು ಹೊಳೆಯಲಿಲ್ಲ. ಜೇಬಿನ ಚೀಟಿ ತೆಗೆದು, ಅವಳ ಹೆಸರಿನೆದುರು ಬರೆದದ್ದನ್ನು ಗಂಭೀರವಾಗಿ ಓದಿದೆ: "ಶ್ರೀಮತಿ ವಾರಿಜ ಅವರದ್ದು ಬರಿಯ ಕಲ್ಪನೆಯಲ್ಲ, ದಿನವೂ ಕಣ್ಣಾರೆ ಕಂಡು, ಸ್ವತಃ ಅನುಭವಿಸಿ ಬರೆದ ಕವಿತೆ."

ಸಭೆ ಬಿದ್ದು ಬಿದ್ದು ನಕ್ಕಿತು. ವಾರಿಜ ಮಾತ್ರ ನಗದೆ ಎದ್ದು ಕೈಮುಗಿದಳು. ನಾನು ಇದುವರೆಗೆ ಮಾಡಿದ ಅಧ್ಯಕ್ಷ ಭಾಷಣಗಳಲ್ಲೆಲ್ಲ ಕವಿತೆಗೆ ಸರಿಯಾಗಿ ಹೊಂದಿದ ಮಾತು ಅದೊಂದೇ.