ಹಕ್ಕಿಗಾಗಿ ಹೊಲಿದ ಅಂಗಿ

ನನ್ನ ಹೆಂಡತಿ ಒಂದು ಹಕ್ಕಿಯನ್ನು ನೋಡಿದ್ದಳು, ನಾನು ನೋಡಿರಲಿಲ್ಲ. ನಮ್ಮ ಮನೆಯ ಅಶಾಂತಿಗೆ ಇದಕ್ಕಿಂತ ದೊಡ್ಡ ಕಾರಣ ಬೇಕಿರಲಿಲ್ಲ.

ಹಕ್ಕಿ ಗುಬ್ಬಿಯಷ್ಟೇ ಇದೆಯಂತೆ. ಕೊರಳು ನೀಲಿಯಂತೆ, ನೀಲಿಯ ನಡುವೆ ಕೆಂಪು ಬೊಟ್ಟಂತೆ. (ಬರೀ ‘ಅಂತೆ’ಗಳೇ, ನನ್ನ ಪಾಲಿಗೆ ಬಂದದ್ದು ಅಷ್ಟೇ.) ಚಳಿಗಾಲವನ್ನು ನಮ್ಮ ಕೆರೆಯ ಜೊಂಡಿನಲ್ಲಿ ಕಳೆದು, ವಸಂತ ಬಂದೊಡನೆ ಬಡಗಣ ದೇಶಗಳಿಗೆ ಹಾರಿಹೋಗುತ್ತದೆ. ಅಷ್ಟರೊಳಗೆ ನೋಡದಿದ್ದರೆ ವರ್ಷವಿಡೀ ಊಟಕ್ಕೆ ಕೂತಾಗಲೆಲ್ಲ ಅದರ ವರ್ಣನೆ ಕೇಳುವುದು ನನ್ನ ಹಣೆಬರಹವಾಗಿತ್ತು.

ನಾನು ದರ್ಜಿ. ಅವಳು ಶಾಲೆಯ ಟೀಚರ್. ಭಾನುವಾರ ಬೆಳಗ್ಗೆ ಹಲ್ಲಿನ ಡಾಕ್ಟರೊಬ್ಬರ ಹಕ್ಕಿ ನೋಡುವ ತಂಡದ ಜೊತೆ ಕೆರೆಗೆ ಹೋಗುತ್ತಾಳೆ. ನನ್ನನ್ನೂ ಒಂದೆರಡು ಸಲ ಕರೆದೊಯ್ದಳು. ನಾನು ದಂಡೆಗೆ ಕಾಲಿಟ್ಟದ್ದೇ ತಡ, ಹಕ್ಕಿಗಳೆಲ್ಲ ಸಭಾತ್ಯಾಗ ಮಾಡಿದವು.

“ರೀ, ಆ ಹಳದಿ ಅಂಗಿ ಕಂಡ್ರೆ ಹಕ್ಕಿ ಇರ್ಲಿ, ಎಮ್ಮೆಗಳೂ ಓಡ್ತವೆ.”

“ಅಂಗಿ ವಿಷಯ ನನಗೆ ಹೇಳಿಕೊಡ್ಬೇಡ ಕಣೇ.”

“ಹಾಗಾದ್ರೆ ಹೊಲ್ಕೊಳ್ಳಿ, ಹಕ್ಕಿ ಹೆದರದೇ ಇರೋ ಅಂಗಿ!”

ನನ್ನೊಳಗಿನ ಕಲಾವಿದ ಸೆಟೆದು ನಿಂತ. ಗಿರಾಕಿಗಳ ಬಟ್ಟೆಯನ್ನೆಲ್ಲ ಮೂಲೆಗೆ ತಳ್ಳಿ, ಅಂಗಡಿಯಲ್ಲಿ ಉಳಿದಿದ್ದ ಕಂದು, ಬೂದಿ, ಮಂಕು ಹಸಿರು ಚೂರುಗಳನ್ನು ಮರದ ತೊಗಟೆಯಂತೆ ಒಂದರ ಮೇಲೊಂದು ಕೂರಿಸಿ ಹೊಲಿದೆ. ಟೋಪಿಗೆ ಗೋಣಿನಾರು, ಒಣ ಜೊಂಡು. ತೊಟ್ಟುಕೊಂಡು ಅಡುಗೆಮನೆಗೆ ಹೋದರೆ ಅವಳು ಸೌಟು ಬೀಳಿಸಿ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಆದರೂ ಭಾನುವಾರ ಹೊರಡುವಾಗ ಟೋಪಿಯ ದಾರವನ್ನು ಗದ್ದದ ಕೆಳಗೆ ಕಟ್ಟಿದವಳು ಅವಳೇ.

ಡಾಕ್ಟರು ನನ್ನನ್ನು ಜೊಂಡಿನ ಪಕ್ಕ ಕೂರಿಸಿ, “ಅಲ್ಲಾಡ್ಬೇಡಿ” ಎಂದು ಹೇಳಿ, ತಂಡದೊಡನೆ ಆಚೆ ದಂಡೆಗೆ ಹೋದರು. ಬಾತುಕೋಳಿಯೊಂದು ನನ್ನನ್ನು ಕ್ಯಾರೇ ಅನ್ನದೆ ಹಾದುಹೋಯಿತು. ದರ್ಜಿಯಾಗಿ ಧನ್ಯನಾದೆ. ಆಮೇಲೆ ಟೋಪಿಯ ಮೇಲೆ ಏನೋ ಹಗುರವಾಗಿ ಕೂತಿತು.

ಆಚೆ ದಂಡೆಯ ದುರ್ಬೀನುಗಳೆಲ್ಲ ಒಟ್ಟಿಗೆ ನನ್ನತ್ತ ತಿರುಗಿದವು. ಹೆಂಡತಿ ಒಂದು ಕೈಯಿಂದ ಬಾಯಿ ಮುಚ್ಚಿಕೊಂಡು, ಇನ್ನೊಂದರಿಂದ ‘ಅಲ್ಲಾಡೀರಿ ಜೋಕೆ!’ ಎಂದು ಸನ್ನೆ ಮಾಡುತ್ತಿದ್ದಳು. ಕಣ್ಣುಗುಡ್ಡೆಯನ್ನು ಎಷ್ಟು ಮೇಲೇರಿಸಿದರೂ ನನಗೆ ಕಂಡದ್ದು ಗೋಣಿನಾರು. ತಲೆ ಕೊಡವಿದ್ದರೆ ಹಾರುವಾಗಲಾದರೂ ಕಾಣುತ್ತಿತ್ತೇನೋ. ಆದರೆ ಅವಳ ಮುಖದಲ್ಲಿ ಅಷ್ಟು ಸಂತೋಷವನ್ನು ನೋಡಿ ಬಹಳ ಕಾಲವಾಗಿತ್ತು, ಅದೂ ನನ್ನ ಕಡೆ ನೋಡುತ್ತಿರುವಾಗ! ಬಂದ ಸೀನನ್ನೂ ನುಂಗಿಕೊಂಡು ಕೂತೆ. ಹಕ್ಕಿ ಹಿಂದಿನಿಂದ ಹಾರಿಹೋಯಿತು.

ದಾರಿಯುದ್ದಕ್ಕೂ ನಾನು ಮುಖ ಊದಿಸಿಕೊಂಡಿದ್ದೆ. ಮನೆಗೆ ಬಂದ ಮೇಲೆ ಅವಳು ಪಕ್ಕದಲ್ಲಿ ಕೂತು, “ರೀ, ಇಂಥದ್ದೇ ನನಗೊಂದು ಹೊಲೀರಿ. ನಾನು ಅಲ್ಲಾಡದೆ ಕೂರ್ತೀನಿ, ನೀವು ಆ ಕಡೆಯಿಂದ ಕಣ್ತುಂಬ ನೋಡಿ” ಎಂದಳು. ನಾನು ಮುನಿಸು ಮರೆತು ಅಳತೆ ಟೇಪು ತೆಗೆದೆ. ಜೀವಮಾನದ ಕೌಶಲವನ್ನೆಲ್ಲ ಸುರಿದು ಹೊಲಿದೆ.

ಮುಂದಿನ ಭಾನುವಾರ ಅವಳು ಜೊಂಡಿನತ್ತ ಹೋದಳು. ನಾನು ಡಾಕ್ಟರ ಪಕ್ಕ ದುರ್ಬೀನು ಹಿಡಿದು ಸಜ್ಜಾದೆ.

“ಬಂತು! ಬಂತು!” ಡಾಕ್ಟರು ಪಿಸುಗುಟ್ಟಿದರು.

“ಎಲ್ಲಿ?”

“ಮೇಡಂ ತಲೆ ಮೇಲೆ!”

“ಮೇಡಂ ಎಲ್ಲಿ?”

ಜೊಂಡು ನೋಡಿದೆ, ಮಣ್ಣುಗುಡ್ಡೆ ನೋಡಿದೆ. ಕೊನೆಗೆ ಒಂದು ಮೋಟುಮರವನ್ನು ಅವಳೆಂದೇ ಗುರುತಿಸಿ, ಅದನ್ನೇ ಪ್ರೀತಿಯಿಂದ ನಿಟ್ಟಿಸುತ್ತಾ ನಿಂತೆ. ಸ್ವಲ್ಪ ಹೊತ್ತಿನ ಮೇಲೆ ಅದರಿಂದ ಬಹಳ ದೂರದಲ್ಲಿ ಪೊದೆಯೊಂದು ಎದ್ದು ನಿಂತು, “ನೋಡಿದ್ರಾ?” ಎಂದು ಕೂಗಿತು.

ಸುಳ್ಳು ಹೇಳಲು ನಾನು ಬಾಯಿ ತೆರೆಯುವಷ್ಟರಲ್ಲಿ ಡಾಕ್ಟರು ಕೂಗಿಬಿಟ್ಟರು: “ಇಲ್ಲ ಮೇಡಂ, ಇವರು ಆ ಮೋಟುಮರ ನೋಡ್ತಾ ಇದ್ರು!”

ಹಕ್ಕಿ ಬಡಗಣ ದೇಶಕ್ಕೆ ಹೊರಟುಹೋಯಿತು. ಈಗ ಊಟಕ್ಕೆ ಕೂತರೆ ಅದರ ಸುದ್ದಿಯೇ ಇಲ್ಲ. ತಟ್ಟೆಗೆ ಬಡಿಸುತ್ತಾ ಅವಳು ಕೇಳುವುದು ಒಂದೇ ಮಾತು:

“ಇಷ್ಟು ವರ್ಷ ಸಂಸಾರ ಮಾಡಿದ್ದೀರಿ. ಆ ಮೋಟುಮರದಲ್ಲಿ ಯಾವ ಭಾಗ ನೋಡಿ ನಾನೇ ಅಂದ್ಕೊಂಡ್ರಿ?”