ಎಂ.ಆರ್.ಐ. ಕೋಣೆಯಲ್ಲಿ ಅಜ್ಜಿಯ ಸೌನಾ

ತೊಂದರೆಗೆಲ್ಲ ಮೂಲ ಒಂದು ಸಾಸೇಜು.

ಫಿನ್ನರ ನಾಡಿನ ತುರ್ಕು ಪಟ್ಟಣದ ಆ ಆಸ್ಪತ್ರೆಯಲ್ಲಿ ಅಂದು ಮಧ್ಯಾಹ್ನ ಮುದುಕ ಉರ್ಹೊನ ಸೊಂಟದ ಮೂಳೆಗಂಟಿದ ಗಡ್ಡೆಯನ್ನು ಶಬ್ದತರಂಗದ ಕಾವಿನಿಂದ ಸುಡುವುದಿತ್ತು. ಮೈಯೊಳಗೆ ಕಾವು ಎಷ್ಟೇರಿತೆಂದು ಎಂ.ಆರ್.ಐ. ಚಿತ್ರ ನೋಡಿ ಹೇಳುವವನು ತೌನೊ. ನಡುವೆ ನಿಲ್ಲದೆ ಮುಗಿದರೆ ಈ ಚಿಕಿತ್ಸೆ ಇಲ್ಲೇ ಉಳಿಯುತ್ತದೆ, ಇಲ್ಲವಾದರೆ ನೀನು ಮತ್ತೆ ಮೊಣಕಾಲುಗಳ ಚಿತ್ರ ತೆಗೆಯಲು ಹೋಗು ಎಂದು ಮುಖ್ಯಸ್ಥೆ ಸಿರ್ಕ ಅವನಿಗೆ ಹೇಳಿಬಿಟ್ಟಿದ್ದಳು.

ಬೆಳಿಗ್ಗೆ, ಯಂತ್ರ ಪರೀಕ್ಷಿಸುವ ಜೆಲ್ಲಿ ಮುದ್ದೆ ತೌನೊನ ಕೈಜಾರಿ ಒಡೆಯಿತು. ಅದರ ಬದಲಿಗೆ ನರ್ಸ್ ಹಿಲ್ಕ, ಸಂಜೆಯ ಸೌನಾದ ಹಬೆಸ್ನಾನಕ್ಕೆ ತಂದಿದ್ದ ದಪ್ಪ ಸಾಸೇಜನ್ನೇ ಕೊಟ್ಟಳು. ತೌನೊ ಅದನ್ನು ಯಂತ್ರದೊಳಗಿಟ್ಟು, ಪಕ್ಕದಲ್ಲೇ ನಿಂತು ಕಾವು ಕೊಟ್ಟ. ಪರದೆ ಅದನ್ನು ತಣ್ಣಗೇ ತೋರಿಸಿತು. ಇನ್ನಷ್ಟು ಕೊಟ್ಟ.

ಆಗ ಅವನಿಗೆ ಅಜ್ಜಿ ನೆನಪಾದಳು. ಸರೋವರದ ದಂಡೆಯ ಸೌನಾ, ಕಾದ ಕಲ್ಲಿನ ಮೇಲೆ ಚುರುಗುಟ್ಟುವ ಸಾಸೇಜು. ಅಜ್ಜಿಗೆ ಥರ್ಮಾಮೀಟರ್ ಬೇಕಿರಲಿಲ್ಲ; ಕಲ್ಲಿಗೆ ಒಂದು ಸೌಟು ನೀರೆರಚಿ, ಅದು ಸುಯ್ಯೆನ್ನುವ ಬಗೆಯಲ್ಲೇ ಕಾವು ಹೇಳುತ್ತಿದ್ದಳು. ನೆನಪು ಎಷ್ಟು ಗಾಢವೆಂದರೆ ಮೂಗಿಗೆ ವಾಸನೆಯೂ ಬಡಿಯಿತು. ತಿರುಗಿದರೆ ಹಿಲ್ಕಳ ಕಣ್ಣೂ ಒದ್ದೆ. ಇಬ್ಬರೂ ಫಿನ್ನರು, ಅಜ್ಜಿಯ ಮಾತನ್ನು ಕೆಲಸದ ಜಾಗದಲ್ಲಿ ಎತ್ತುವವರಲ್ಲ. ತೌನೊ ಕಾವನ್ನು ಇನ್ನೊಂದಿಷ್ಟು ಏರಿಸಿದ.

ಢಬ್ ಎಂದು ಸಾಸೇಜು ಸಿಡಿಯಿತು.

"ಕೊಬ್ಬಿನ ಕಾವು ಈ ಎಂ.ಆರ್.ಐ. ಲೆಕ್ಕಕ್ಕೆ ಸಿಗಲ್ಲ ಅಂತ ಊರಿಗೆಲ್ಲಾ ಪಾಠ ಹೇಳೋನು ನೀನೇ ಅಲ್ವೇನೋ?" ಎಂದು ಹಿಲ್ಕ ಕಣ್ಣೊರೆಸಿಕೊಂಡಳು.

"ಕೊಬ್ಬು ಯಾರಿಗಿದ್ರೂ ಅಷ್ಟೇ ಕಣೇ. ಒಳಗೆ ಬೇಯ್ತಿದ್ರೂ ಹೊರಗೆ ತೋರಿಸ್ಕೊಳ್ಳಲ್ಲ."

ಕೊಬ್ಬಿಲ್ಲದ ಹಿಮಸಾರಂಗದ ಮಾಂಸ ಇಟ್ಟು ನೋಡಿದರೆ ಯಂತ್ರ ಸರಿಯಾಗಿಯೇ ಇತ್ತು. ಉಳಿದದ್ದು ವಾಸನೆ ಮಾತ್ರ. ಹಿಲ್ಕಳ ಸೌನಾ ಚೀಲದಲ್ಲಿ ಪೈನ್ ಮರದ ಸೋಪಿತ್ತು, ಅಜ್ಜಿ ಬೆನ್ನುಜ್ಜುತ್ತಿದ್ದ ಅದೇ ಸೋಪು. ತೌನೊ ಮೊಣಕಾಲೂರಿ ಯಂತ್ರದ ಸಂದುಗೊಂದುಗಳನ್ನೆಲ್ಲ ಅದರಿಂದಲೇ ತಿಕ್ಕಿದ.

ಮಧ್ಯಾಹ್ನ ಉರ್ಹೊನನ್ನು ಒಳಗೆ ಮಲಗಿಸಿ, ಅಲ್ಲಾಡಬೇಡಿ, ಮೈ ಸುಟ್ಟಂತಾದರೆ ಮಾತ್ರ ಈ ರಬ್ಬರ್ ಉಂಡೆ ಒತ್ತಿ, ಒತ್ತಿದರೆ ಎಲ್ಲ ನಿಂತುಹೋಗುತ್ತದೆ ಎಂದು ತೌನೊ ತಿಳಿಹೇಳಿದ. ಪರದೆಯ ಮೇಲೆ ಕಾವಿನ ಕೆಂಪು ಹೂವು ಗಡ್ಡೆಯ ಜಾಗದಲ್ಲೇ ಅರಳಿತು. ಸಿರ್ಕ, ಅಪರೂಪಕ್ಕೆ, ಮೆಚ್ಚಿ ತಲೆದೂಗಿದಳು. ಸುಡಲು ಇನ್ನೊಂದೇ ಚುಕ್ಕೆ ಬಾಕಿ.

ಗಂಟೆ ಕಿರುಚಿತು. ಕಾವು ನಿಂತಿತು. ಎಲ್ಲರೂ ಒಳಗೆ ಓಡಿದರು.

"ಉರಿ ಆಯ್ತಾ ತಾತ?"

ಉರ್ಹೊ ಉಂಡೆಯನ್ನು ಒತ್ತಿ ಹಿಡಿದೇ, ಕಣ್ಣುಮುಚ್ಚಿ, ಸೋಪಿನ ವಾಸನೆಗೆ ಮೂಗರಳಿಸಿ, ಸುಖವಾಗಿ ಮಲಗಿದ್ದ.

"ಉರಿ ಎಲ್ಬಂತಪ್ಪ? ಕಾವೇ ಸಾಲ್ದು. ಕಲ್ಲಿಗೆ ಇನ್ನೊಂದು ಸೌಟು ನೀರೆರಚು."

ಸಿರ್ಕ ತೌನೊನನ್ನು ನೋಡಿದಳು. ತೌನೊ ತನ್ನ ಮೊಣಕಾಲು ನೋಡಿಕೊಂಡ.