ಕಾಕಾ ಹೇಳಿದ ಅಳತೆ

ಮುಕುಂದ ಪೆಡಣೇಕರನ ಮನೆಯ ಟಿ.ವಿ. ಸತ್ತದ್ದು ಭಕ್ತಿಯಿಂದ.

ಭಾನುವಾರ ಬೆಳಿಗ್ಗೆ ಎಂಟಕ್ಕೆ ಅವನ ತಾಯಿ, ಎಪ್ಪತ್ತೆಂಟು ವರ್ಷದ ಆಯಿ, ದೇವರ ಪೂಜೆ ಮುಗಿಸಿ ಆರತಿ ತಟ್ಟೆಯನ್ನು ಹಾಗೇ ಟಿ.ವಿ.ಯ ಮುಂದೆ ತಂದರು. ಸಂಜೆ ಐದಕ್ಕೆ ಸಾಂಗ್ಲಿಯಿಂದ ಖೋ ಖೋ ಫೈನಲ್ ನೇರ ಪ್ರಸಾರವಿತ್ತು. ಆಡುವವರಲ್ಲಿ ಅವರ ಮೊಮ್ಮಗಳು ಕೇತಕಿಯೂ ಇದ್ದಳು. ಮೊಮ್ಮಗಳು ಬರಲಿರುವ ಪೆಟ್ಟಿಗೆಗೆ ಅರಿಸಿನ ಕುಂಕುಮ ಇಲ್ಲವೆಂದರೆ ಹೇಗೆ? ಹಚ್ಚಿದರು. ಹೂ ಏರಿಸಿದರು. ಕೊನೆಗೆ ತಂಬಿಗೆಯಿಂದ ಮೂರು ಸಲ ತೀರ್ಥ ಚಿಮುಕಿಸಿದರು. ಎರಡು ಸಲ ಟಿ.ವಿ. ಹೇಗೋ ತಡೆದುಕೊಂಡಿತು. ಮೂರನೆಯದಕ್ಕೆ 'ಟಪ್' ಎಂದು ಸದ್ದು ಮಾಡಿ, ಊದುಬತ್ತಿಗಿಂತ ತುಸು ಹೆಚ್ಚು ಹೊಗೆ ಬಿಟ್ಟು ಶಾಂತವಾಯಿತು.

"ಆಯಿ! ಏನು ಮಾಡ್ಬಿಟ್ಟೆ!"

"ನಾನೇನು ಮಾಡ್ದೆ? ನಾಲ್ಕು ಹನಿ ದೇವರ ನೀರು ತಡೀದೆ ಇರೋ ಪೆಟ್ಟಿಗೆ ಇದ್ರೆಷ್ಟು, ಹೋದ್ರೆಷ್ಟು!"

ಮುಕುಂದನ ಎದೆ ಹೊಲಿಗೆ ಯಂತ್ರದ ಹಾಗೆ ಓಡತೊಡಗಿತು. ಪರೇಲಿನ ಒಂದು ದರ್ಜಿ ಅಂಗಡಿಯಲ್ಲಿ ಅವನು ಕಟಿಂಗ್ ಮಾಸ್ಟರ್. ಭಾನುವಾರವೂ ಕೆಲಸ ಇರುತ್ತಿದ್ದುದರಿಂದ ಮಗಳ ಒಂದು ಆಟವನ್ನೂ ನೋಡಿರಲಿಲ್ಲ. ನೋಡಿಲ್ಲವೆಂದು ಹೇಳಲು ಬಾಯಿ ಬರದೆ ಪ್ರತಿ ಸಲವೂ "ನೋಡ್ದೆ, ಬಹಳ ಚೆನ್ನಾಗಿ ಓಡ್ದೆ" ಎನ್ನುತ್ತಿದ್ದ. ಕಳೆದ ತಿಂಗಳೂ ಹಾಗೇ ಅಂದ. ಅಂದು ಕೇತಕಿ ಕಾಲು ಉಳುಕಿ ಬೆಂಚಿನ ಮೇಲೆ ಕೂತಿದ್ದಳು.

ಹೊರಡುವ ಮುಂಚೆ ಅವಳು ಹೇಳಿ ಹೋಗಿದ್ದಳು. "ಬಾಬಾ, ಈ ಸಲ ಆಟ ಮುಗಿದ ತಕ್ಷಣ ಕ್ಯಾಮೆರಾ ಕಡೆ ತಿರುಗಿ ಒಂದು ಸನ್ನೆ ಮಾಡ್ತೀನಿ. ಏನು ಸನ್ನೆ ಅಂತ ನೀವು ಹೇಳ್ಬೇಕು. ಈ ಸಲವೂ ಸುಳ್ಳು ಹೇಳಿದ್ರೆ ಇನ್ನು ನಿಮ್ಮ ಹತ್ರ ಆಟದ ಸುದ್ದಿ ಎತ್ತೋದೇ ಇಲ್ಲ."

ಅದಕ್ಕೇ ಮುಕುಂದ ಹನ್ನೊಂದು ವರ್ಷದಲ್ಲಿ ಮೊದಲ ಸಲ ಭಾನುವಾರ ರಜೆ ಹಾಕಿದ್ದ. ಆಯಿಯೂ ಮೊಮ್ಮಗಳ ಆಟ ನೋಡಿದವರಲ್ಲ. ಮಂಡಿ ನೋವಿನಿಂದ ಮೂರು ವರ್ಷದಿಂದ ಚಾಳಿನ ಮೆಟ್ಟಿಲು ಇಳಿದಿರಲಿಲ್ಲ. "ಆ ಹುಡುಗಿ ಓಡೋದನ್ನ ಒಂದ್ಸಲ ಕಣ್ತುಂಬ ನೋಡ್ಬೇಕು" ಎನ್ನುವುದೊಂದೇ ಅವರ ಮಾತು.

ಹೆಂಡತಿ ವೃಷಾಲಿ ಮಗಳ ಜೊತೆ ಹೋಗಿದ್ದಳು. ಫೋನಿನಲ್ಲಿ ಸುದ್ದಿ ಕೇಳಿ ಎರಡೇ ಮಾತಿನಲ್ಲಿ ಮುಗಿಸಿದಳು. "ಬೋನಸ್ ದುಡ್ಡಿದೆಯಲ್ಲ, ಹೊಸದು ತನ್ನಿ. ನಲವತ್ಮೂರು ಇಂಚು ಸಾಕು. ಯಾರ ಮಾತೂ ಕೇಳ್ಬೇಡಿ."

ಯಾರ ಮಾತೂ ಕೇಳದೆ ಇರುವುದು ಸುಖಕರ್ತಾ ಚಾಳಿನಲ್ಲಿ ಸಾಧ್ಯವಿರಲಿಲ್ಲ. ಅಲ್ಲಿ ಎರಡು ಸಾಲು ಮನೆಗಳು ಅಂಗಳದ ಆಚೆ ಈಚೆ ಎದುರುಬದುರಾಗಿ ನಿಂತಿದ್ದವು. ಉದ್ದಕ್ಕೂ ಇದ್ದ, ಸರಳಿನ ಕಟಕಟೆಯ ಗ್ಯಾಲರಿಗಳು ಕೊನೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿದ್ದವು. ಎರಡನೇ ಮಹಡಿಯಲ್ಲಿ ಮುಕುಂದನ ಬಾಗಿಲಿಗೆ ನೇರ ಎದುರು ಖಾನ್ವಿಲ್ಕರ್ ಕಾಕಾನ ಬಾಗಿಲು. ಅದರ ಹೊರಗೆ ಕಾಕಾನ ಆರಾಮಕುರ್ಚಿ. ನಿವೃತ್ತನಾದ ಮೇಲೆ ಕಾಕಾ ಆ ಕುರ್ಚಿಯಲ್ಲಿ ಕೂತೇ ಇಡೀ ಚಾಳಿನ ಆಡಳಿತ ನಡೆಸುತ್ತಿದ್ದ.

ಮುಕುಂದ ಆತುರದ ಮನುಷ್ಯನಲ್ಲ. ಎರಡು ಸಲ ಅಳೆಯದೆ ಕರವಸ್ತ್ರವನ್ನೂ ಕತ್ತರಿಸಿದವನಲ್ಲ. ಹಳೆಯ ವರ್ತಮಾನಪತ್ರಿಕೆಗಳನ್ನು ಅಂಟಿಸಿ, ನಲವತ್ಮೂರು ಇಂಚು ಅಗಲದ್ದೊಂದು, ಐವತ್ತೈದು ಇಂಚು ಅಗಲದ್ದೊಂದು ತುಂಡು ಕತ್ತರಿಸಿದ. ಅಡುಗೆಮನೆಯನ್ನೂ ಮುಂದಿನ ಕೋಣೆಯನ್ನೂ ಬೇರ್ಪಡಿಸುವ ಹಲಗೆಗೋಡೆಗೆ ಮೊದಲು ಚಿಕ್ಕದನ್ನು ಗುಂಡುಸೂಜಿಯಿಂದ ಸಿಕ್ಕಿಸಿದ.

ಕತ್ತರಿಯ ಸದ್ದಿಗೆ ಪಕ್ಕದ ಮನೆಯ ಶಿರ್ಕೆ ವಹಿನಿ ಬಂದಳು. ಬಂದವಳೇ ಕಾಗದದ ಮುಂದೆ ಚಕ್ಕಳಮಕ್ಕಳ ಕೂತು, ಧಾರಾವಾಹಿ ನೋಡುವವಳ ಹಾಗೆ ಗಲ್ಲಕ್ಕೆ ಕೈ ಇಟ್ಟಳು.

"ಇಷ್ಟು ದೊಡ್ಡದಾ ಭಾವೋಜಿ? ಒಂಬತ್ತಡಿ ಕೋಣೆ ನಿಮ್ದು. ಧಾರಾವಾಹಿಯ ಅತ್ತೆ ಬಂದು ತೊಡೆ ಮೇಲೇ ಕೂತ್ಕೊಳ್ತಾಳೆ. ಮೂವತ್ತೆರಡು ತಗೊಳ್ಳಿ."

"ಕಾಣ್ತಿಲ್ಲ!" ಎಂಬ ಗರ್ಜನೆ ಅಂಗಳದ ಆಚೆಯಿಂದ ಬಂತು. ಕಾಕಾ ಕುರ್ಚಿಯಿಂದ ಅರ್ಧ ಎದ್ದಿದ್ದ. "ಏ ಮುಕುಂದಾ! ಅದೇನದು, ಅಂಚೆ ಚೀಟಿನಾ? ದೊಡ್ಡದು ಹಚ್ಚು!"

"ಆಯಿಗೆ ಕಾಣಿಸಿದ್ರೆ ಸಾಕಲ್ಲ ಕಾಕಾ!"

"ಆಯಿಗೋಸ್ಕರಾನೇ ಹೇಳ್ತಿರೋದು! ಎಪ್ಪತ್ತೆಂಟು ವರ್ಷದ ಕಣ್ಣು! ಮಾವಶಿನ್ನೇ ಕೇಳು!" ಆಯಿಯನ್ನು ಕಾಕಾ ಚಿಕ್ಕಮ್ಮ ಎನ್ನುವ ಹಾಗೆ ಮಾವಶಿ ಎಂದೇ ಕರೆಯುತ್ತಿದ್ದ.

ಮುಕುಂದ ಆಯಿಯನ್ನು ಕಾಗದದ ಮುಂದೆ ಕೂರಿಸಿದ. "ಕಾಣುತ್ತಾ ಆಯಿ?"

ಆಯಿ ಕಣ್ಣು ಕಿರಿದು ಮಾಡಿದರು. "ಎಲ್ಲ ಮಸಕು ಮಸಕು."

ದೊಡ್ಡ ಕಾಗದ ಹಚ್ಚಿದ. "ಈಗ?"

"ಈಗ ಇನ್ನೂ ದೊಡ್ಡ ಮಸಕು." ಆಯಿ ಬೇಸರದಿಂದ ಬಾಗಿಲಾಚೆ ತಿರುಗಿದರು. "ಅಲ್ಲೋ, ಖಾನ್ವಿಲ್ಕರನ ಅಂಗಿಯ ಮೂರನೇ ಗುಂಡಿ ಕಿತ್ತು ಹೋಗಿದೆ. ಪಾಪ, ಒಂದು ಹಾಕಿಕೊಡು."

ಬೇರೆ ಯಾರಾದರೂ ಆಗಿದ್ದರೆ, ಅಂಗಳದಾಚೆಯ ಗುಂಡಿ ಕಂಡ ಕಣ್ಣಿಗೆ ಎದುರಿನ ಕಾಗದ ಯಾಕೆ ಮಸಕು ಎಂದು ಅಲ್ಲಿಗೇ ನಿಂತು ಯೋಚಿಸುತ್ತಿದ್ದರು. ಮುಕುಂದನ ಕಣ್ಣು ಮಾತ್ರ ಗಡಿಯಾರದ ಮೇಲಿತ್ತು. ಹನ್ನೊಂದಾಗಿತ್ತು. ಆಯಿಗೆ ಮಸಕಾಗಿ ಕಾಣುತ್ತದೆಂದರೆ ದೊಡ್ಡದೇ ಬೇಕು ಎಂದು ತೀರ್ಮಾನಿಸಿದ.

"ಹಾಂ! ಈಗ ಅಳತೆ ಸರಿಯಾಯ್ತು!" ಕಾಕಾ ಕುರ್ಚಿಗೆ ಒರಗಿಕೊಂಡ. "ಆ ಕಾಗದಕ್ಕಿಂತ ಒಂದು ಇಂಚೂ ಕಡಿಮೆ ತರಬೇಡ!"

ಟಿ.ವಿ. ಅಂಗಡಿಯ ಮಾರಾಟಗಾರ ಮುಕುಂದನ ಮಡಚಿದ ಕಾಗದ ಬಿಡಿಸಿ ನೋಡಿ ನಕ್ಕ.

"ಮಾಸ್ಟರ್, ಟಿ.ವಿ. ಅಳೆಯೋದು ಅಗಲಕ್ಕಲ್ಲ. ಈ ಮೂಲೆಯಿಂದ ಆ ಮೂಲೆಗೆ, ಓರೆಯಾಗಿ."

"ಓರೆಯಾಗಿ ಅಳೆದ್ರೆ ಬಟ್ಟೆ ಎಳೆದುಕೊಳ್ಳುತ್ತೆ."

"ಇದು ಎಳ್ಕೊಳ್ಳಲ್ಲ. ಐವತ್ತೈದು ಇಂಚಿನದು ತಗೊಂಡ್ರೆ ನಿಮ್ಮ ಕಾಗದಕ್ಕಿಂತ ಏಳಿಂಚು ಸಣ್ಣದಾಗುತ್ತೆ. ಕಾಗದದಷ್ಟೇ ಬೇಕು ಅಂದ್ರೆ ಅರವತ್ತೈದು ತಗೋಬೇಕು. ಅದು ಒಂದೆರಡು ಇಂಚು ಹೆಚ್ಚಾಗಬಹುದು."

ಒಂದೆರಡು ಇಂಚು ಹೆಚ್ಚಾಗುವುದಕ್ಕೆ ಮುಕುಂದ ಹೆದರುವವನಲ್ಲ. ಹೊಲಿಗೆಗೆ ಅಂಚು ಬಿಡುವುದು ಅವನ ಕಸುಬು. ವೃಷಾಲಿಯ 'ನಲವತ್ಮೂರು' ಒಮ್ಮೆ ಕಿವಿಯಲ್ಲಿ ಗುಂಯ್ ಎಂದಿತು. ಆಯಿಯ 'ಮಸಕು' ಅದನ್ನು ಅಡಗಿಸಿತು. ಅರವತ್ತೈದನ್ನೇ ಕಟ್ಟಿಸಿದ.

ಟಿ.ವಿ.ಯ ರಟ್ಟಿನ ಪೆಟ್ಟಿಗೆ ಚಾಳು ಸೇರಿದಾಗ ಮೂರೂವರೆ. ಇಬ್ಬರು ಹಮಾಲರು ಅದನ್ನು ಇಕ್ಕಟ್ಟು ಮೆಟ್ಟಿಲಲ್ಲಿ ನೆಟ್ಟಗೆ ನಿಲ್ಲಿಸಿ ಹೊತ್ತು ತಂದರು. ಪ್ರತಿ ತಿರುವಿನಲ್ಲೂ ಚಾಳಿನವರು ಬಾಗಿಲಿಗೆ ಬಂದು, ಮದುವೆಯ ದಿಬ್ಬಣಕ್ಕೆ ಹೇಳುವ ಹಾಗೆ ದಾರಿ ಹೇಳಿದರು. ನಾಲ್ಕೂಕಾಲಿಗೆ ಪೆಟ್ಟಿಗೆ ಬಿಚ್ಚಿದರು. ಕೋಣೆ ತಟ್ಟನೆ ಅರ್ಧವಾಯಿತು.

ಗೋಡೆಗೆ ಹಾಕುವವನು ಬರುವುದು ನಾಳೆ. ಅಲ್ಲಿಯವರೆಗೆ ಹೊಲಿಗೆ ಯಂತ್ರದ ಮೇಜಿನ ಮೇಲೆ ಇಡೋಣವೆಂದರೆ ಟಿ.ವಿ.ಯ ಎರಡು ಕಾಲುಗಳು ಎರಡು ತುದಿಯಲ್ಲಿದ್ದವು. ಮೇಜು ಎರಡರ ನಡುವೆಯೇ ಮುಗಿದುಹೋಗುತ್ತಿತ್ತು.

"ನೆಲದ ಮೇಲೇ ಇಡೋಣ" ಅಂದ ಮುಕುಂದ.

"ನೆಲದ ಮೇಲಾ?" ಅಷ್ಟರಲ್ಲಿ ಕಾಕಾ ಗ್ಯಾಲರಿ ಸುತ್ತಿಕೊಂಡು ಬಂದೇ ಬಂದಿದ್ದ. "ಟಿ.ವಿ. ಏನು ಕಾಲೊರಸೋ ಚಾಪೆನಾ? ಎತ್ತರ ಬೇಕು ಮುಕುಂದಾ. ಎತ್ತರ ಇಲ್ದಿದ್ರೆ ಕಟಕಟೆ..." ಎಂದು ತಡೆದು, "ಕಣ್ಣಿಗೆ ಕೆಟ್ಟದ್ದು" ಎಂದು ಮುಗಿಸಿದ.

ಬಟ್ಟೆ ಕತ್ತರಿಸುವ ಐದಡಿ ಹಲಗೆಯನ್ನು ಮೇಜಿನ ಮೇಲೆ ಅಡ್ಡ ಹಾಕಿ ಅದರ ಮೇಲೆ ಟಿ.ವಿ. ನಿಲ್ಲಿಸಿದರು. ನಿಂತಿತು. ಬಿಟ್ಟ ಕೂಡಲೇ ವಾಲಿತು. ಶಿರ್ಕೆ ವಹಿನಿ ಕಿರುಚಿದಳು. ಮುಕುಂದ ಹಾರಿ ಹಿಡಿದ. ಮುಂದಿನಿಂದ ಹಿಡಿದರೆ ಅಡ್ಡವಾಗುತ್ತದೆಂದು ಮೇಜನ್ನು ಎರಡಡಿ ಮುಂದೆ ಎಳೆದು, ಅವನು ಹಿಂದೆ ತೂರಿಕೊಂಡು ಎರಡೂ ಕೈಯಿಂದ ಅಂಚು ಹಿಡಿದು ನಿಂತ. ಮೇಜು, ಹಲಗೆ, ಟಿ.ವಿ. ಎಲ್ಲ ಸೇರಿ ಐದಡಿ ನಾಲ್ಕಿಂಚು. ಮುಕುಂದ ಐದಡಿ ಎರಡಿಂಚು.

"ಹಾಗೇ ಹಿಡ್ಕೊಂಡಿರು. ಮನೇಲಿ ಹಗ್ಗ ಇದೆ, ತಂದು ಕಟ್ಟಿಬಿಡೋಣ. ಐದೇ ನಿಮಿಷ" ಎಂದು ಕಾಕಾ ಹೊರಟ.

ಐದಕ್ಕೆ ಎರಡು ನಿಮಿಷವಿದ್ದಾಗ ವಹಿನಿ ಚಾನೆಲ್ ಹಚ್ಚಿದಳು. ಹಗ್ಗ ಬಂದಿರಲಿಲ್ಲ.

"ಶುರುವಾಯ್ತು! ಕೇತಕಿ ಬಂದ್ಳು! ಆಯಿ, ಅಗೋ ನೋಡಿ!"

"ಎಲ್ಲಿ?" ಆಯಿ ಮೇಜಿನಿಂದ ನಾಲ್ಕಡಿ ದೂರದಲ್ಲಿ ಕೂತಿದ್ದರು. "ನಂಗೆ ಬರೀ ಬಣ್ಣದ ರಂಗೋಲಿ ಕಲಸಿದ ಹಾಗೆ ಕಾಣ್ತಿದೆ. ಮುಕುಂದಾ, ನನ್ನ ಕೇತು ಎಲ್ಲೋ?" 

ಟಿ.ವಿ.ಯ ಹಿಂದೆ ಮುಕುಂದ ಕಂಗಾಲಾದ. ಇಷ್ಟು ದೊಡ್ಡದು ತಂದೂ ಆಯಿಗೆ ಕಾಣದೆ ಹೋಯಿತೇ?

"ಮಾವಶೀ!" ಕಾಕಾನ ಕೂಗು ಅಂಗಳ ದಾಟಿ ಬಂತು. "ಅಷ್ಟು ಹತ್ತಿರದಿಂದ ಯಾರಿಗೂ ಕಾಣಲ್ಲ! ಇಲ್ಲಿ ಬಂದುಬಿಡಿ! ಇಲ್ಲಿಂದ ಕನ್ನಡಿ ಹಾಗೆ ಕಾಣ್ತಿದೆ!"

ವಹಿನಿ ಆಯಿಯ ಕೈ ಹಿಡಿದು, ಮೆಟ್ಟಿಲಿಲ್ಲದ ಗ್ಯಾಲರಿಯಲ್ಲಿ ಮೆಲ್ಲಗೆ ನಡೆಸಿಕೊಂಡು ಹೋದಳು. ಎರಡು ನಿಮಿಷದ ನಂತರ ಆಚೆಯಿಂದ ಆಯಿಯ ಸಂತೋಷದ ಕೇಕೆ ಕೇಳಿತು. "ಅಯ್ಯೋ ನನ್ನ ಕೂಸೇ! ಜಡೆಯ ರಿಬ್ಬನ್ ಕೂಡ ಕಾಣ್ತಿದೆ!" ಅದನ್ನು ಕೇಳಿ ಮುಕುಂದನ ಕಣ್ಣು ಒದ್ದೆಯಾಯಿತು. ಒರೆಸಿಕೊಳ್ಳಲು ಕೈ ಬಿಡುವಿರಲಿಲ್ಲ.

"ಕಾಕಾ, ಹಗ್ಗ!"

"ಬಂದೆ, ಬಂದೆ! ಈ ಸರದಿ ಮುಗೀಲಿ!"

ಒಬ್ಬೊಬ್ಬರಾಗಿ ಚಾಳಿನವರೆಲ್ಲ ಎದುರು ಗ್ಯಾಲರಿ ಸೇರಿದರು. ಮುಕುಂದನ ಕೋಣೆಯಲ್ಲಿ ಉಳಿದದ್ದು ಟಿ.ವಿ. ಮತ್ತು ಮುಕುಂದ. ಟಿ.ವಿ.ಯ ದನಿ ಹಿಂಬದಿಯಿಂದಲೇ ಬರುತ್ತಿತ್ತು. ಆ ಪಂದ್ಯವನ್ನು ಅವನಷ್ಟು ಚೆನ್ನಾಗಿ ಕೇಳಿದವರು ಯಾರೂ ಇರಲಾರರು. "ಪೆಡಣೇಕರ್ ತಪ್ಪಿಸಿಕೊಂಡಳು! ಮತ್ತೆ ತಪ್ಪಿಸಿಕೊಂಡಳು!" ಎಂದು ವಿವರಣೆಕಾರ ಅವನ ಹೊಟ್ಟೆಗೇ ಕೂಗುತ್ತಿದ್ದ. ಮಗಳು ಎರಡು ಗೇಣು ದೂರದಲ್ಲಿ ಓಡುತ್ತಿದ್ದಳು. ಅವನ ಕಣ್ಣ ಮುಂದಿದ್ದದ್ದು ಕರಿ ಪ್ಲಾಸ್ಟಿಕ್ಕು ಮತ್ತು 'ನೀರು ತಾಗಿಸಬೇಡಿ' ಎಂಬ ಚೀಟಿ.

"ಕಾಕಾ! ಕೊನೇಲಿ ಅವಳು ಕ್ಯಾಮೆರಾ ಕಡೆ ಒಂದು ಸನ್ನೆ ಮಾಡ್ತಾಳೆ! ಏನು ಅಂತ ನೋಡಿ ಹೇಳಿ!" ಎಂದು ಗಂಟಲು ಹರಿಯುವಂತೆ ಕೂಗಿದ.

"ಆಯ್ತು, ಆಯ್ತು! ನೀನು ಅಲ್ಲಾಡ್ಬೇಡ!"

ತೋಳು ಮರಗಟ್ಟಿತು. ಮೂಗು ತುರಿಸಿತು. ಕಡೆಯ ಸೀಟಿ ಕೇಳಿತು. ಎದುರು ಸಾಲು ಇಡಿಯಾಗಿ ಸ್ಫೋಟಿಸಿತು. ತಟ್ಟೆ ಬಾರಿಸಿದರು, ಯಾರೋ ಕುಣಿದರು. ಗೆದ್ದರೆಂದು ಅವನಿಗೆ ತಿಳಿಯಿತು. ಸನ್ನೆ?

ಹತ್ತು ನಿಮಿಷ ಕಳೆದರೂ ಯಾರೂ ಬಾಯಿ ಬಿಡಲಿಲ್ಲ. ಅಷ್ಟರಲ್ಲಿ ಜೇಬಿನಲ್ಲಿ ಫೋನ್ ನಡುಗಿತು. ಒಂದು ಕೈ ಬಿಟ್ಟು ಕಿವಿಗಿಟ್ಟುಕೊಂಡ.

"ಬಾಬಾ! ಗೆದ್ವಿ! ಬಾಬಾ, ಆ ಸನ್ನೆ ಇತ್ತಲ್ಲ..."

ಮುಕುಂದ ಟಿ.ವಿ.ಯ ಅಂಚಿನಿಂದ ಇಣುಕಿದ. ಎದುರು ಗ್ಯಾಲರಿಯಲ್ಲಿ ಕಾಕಾ ಎರಡೂ ಕೈ ಮೇಲೆತ್ತಿ ಬಲಕ್ಕೆ ಬಾಗುತ್ತಿದ್ದ. ಅವನ ಹಿಂದೆ ವಹಿನಿ, ಅವಳ ಹಿಂದೆ ಮೂವತ್ತು ಜನ, ಎಲ್ಲರೂ ಕೈ ಎತ್ತಿ ಬಲಕ್ಕೆ ಬಾಗುತ್ತಿದ್ದರು. ಅಂತೂ ಹೇಳುತ್ತಿದ್ದಾರೆ! ಎಂಥ ಒಳ್ಳೆಯ ನೆರೆಹೊರೆ!

"ನೋಡ್ದೆ ಮಗಳೇ! ನನ್ನ ಕಣ್ಣಿಂದಲೇ ನೋಡ್ದೆ! ಎರಡೂ ಕೈ ಎತ್ತಿ ಬಲಕ್ಕೆ ಬಾಗ್ದೆ! ಒಂದ್ಸಲ ಅಲ್ಲ, ಮೂರ್ನಾಲ್ಕು ಸಲ!"



"ಬಾಬಾ," ಕೇತಕಿಯ ದನಿ ತಣ್ಣಗಿತ್ತು. "ಗೆದ್ದ ಗಲಾಟೇಲಿ ನಾನು ಸನ್ನೆ ಮಾಡೋದನ್ನೇ ಮರೆತೆ. ಅದನ್ನ ಹೇಳೋಕೇ ಫೋನ್ ಮಾಡಿದ್ದು."

"ಏ ಮುಕುಂದಾ!" ಅಂಗಳದಾಚೆ ಕಾಕಾನ ಗಂಟಲು ಈಗ ಕೇಳಿಸಿತು. "ಟಿ.ವಿ. ಎಡಕ್ಕೆ ವಾಲಿದೆ! ಬಲಕ್ಕೆತ್ತು, ಬಲಕ್ಕೆ! ಬಹುಮಾನ ಕೊಡ್ತಿದ್ದಾರೆ!"

ಕೇತಕಿ ನಿಟ್ಟುಸಿರು ಬಿಟ್ಟಳು. "ಎಂಟಕ್ಕೆ ಮತ್ತೆ ಪೂರ್ತಿ ತೋರಿಸ್ತಾರಂತೆ. ಅದನ್ನಾದ್ರೂ ನೋಡಿ ಬಾಬಾ. ಪ್ರಶ್ನೆ ಕೇಳ್ತೀನಿ. ಇದೇ ಕೊನೆ."

ಮುಕುಂದ ಟಿ.ವಿ.ಯನ್ನು ಜೋಪಾನವಾಗಿ ಹಾಸಿಗೆಯ ಮೇಲೆ ಮಲಗಿಸಿ, ಗ್ಯಾಲರಿ ಸುತ್ತಿ ಓಡಿದ. ಕಾಕಾನ ಆರಾಮಕುರ್ಚಿಯಲ್ಲಿ ಆಯಿ ಪಟ್ಟದ ರಾಣಿಯ ಹಾಗೆ ಕೂತಿದ್ದರು. ಅವರ ತಲೆಯ ಪಕ್ಕ ಬಾಗಿ ತನ್ನ ಮನೆಯ ಕಡೆ ನೋಡಿದ. ಹೊಲಿಗೆ ಮೇಜಿನ ಮೇಲಿನ ಹಲಗೆ ಕಟಕಟೆಯ ಸರಳಿಗಿಂತ ಸರಿಯಾಗಿ ಒಂದು ಬೆರಳು ಮೇಲಿತ್ತು. ಅದರ ಐದಡಿ ಉದ್ದ, ಇಷ್ಟು ದೂರದಿಂದ ನೋಡಿದರೆ, ನಾಲ್ಕಡಿಯ ಹಳೆಯ ಜೋಡಿಬಾಗಿಲಿನ ಚೌಕಟ್ಟಿನೊಳಗೆ ಹೇಳಿ ಹೊಲಿಸಿದಷ್ಟು ಸರಿಯಾಗಿ ಕೂತಿತ್ತು. ಮೂವತ್ತು ವರ್ಷ ಜನರ ಮೈ ಅಳೆದವನಿಗೆ ಇದು ಯಾರ ಮೈಯ ಅಳತೆ ಎಂದು ಈಗ ಹೊಳೆಯಿತು.

"ಕಾಕಾ," ಎಂದ, ಸಿಟ್ಟೂ ಅಳುವೂ ಒಟ್ಟಿಗೇ ಬಂದು. "ಹಗ್ಗ ಎಲ್ಲಿ?"

"ಅದರ ಮೇಲೆ ನಿನ್ನ ಕಾಕಿ ಒಗೆದ ಬಟ್ಟೆ ಹರವಿದ್ದಾಳೆ ಕಣೋ. ಬೆಳಿಗ್ಗೆಗೆ ಒಣಗುತ್ತೆ."

"ಹಾಗಾದ್ರೆ ಎಂಟಕ್ಕೆ ನಾನೂ ಇಲ್ಲೇ ಕೂರ್ತೀನಿ. ಒಂದು ಮೂಲೆ ಸಾಕು."

ಕಾಕಾ ನಿಜವಾಗಿ ಗಾಬರಿಯಾದ. "ನೀನು ಇಲ್ಲಿ ಕೂತ್ರೆ ಅಲ್ಲಿ ಟಿ.ವಿ. ಹಿಡಿಯೋರು ಯಾರೋ?"

ಗ್ಯಾಲರಿಯ ಮೂವತ್ತು ಮುಖಗಳೂ ಮುಕುಂದನತ್ತ ತಿರುಗಿದವು. ಅವನು ಆಸೆಯಿಂದ ಆಯಿಯ ಮುಖ ನೋಡಿದ. ಆಯಿ ಅವನ ಮರಗಟ್ಟಿದ ತೋಳನ್ನು ಮೆತ್ತಗೆ ಸವರಿದರು.

"ಹೋಗಪ್ಪ, ಎಂಟಾಗುತ್ತೆ. ಈ ಸಲ ಸ್ವಲ್ಪ ಬಲಕ್ಕೆ ಎತ್ತಿ ಹಿಡಿ. ಕಡೇಲಿ ನನ್ನ ಕೇತು ಎಡಕ್ಕೆ ಜಾರಿ ಬೀಳ್ತಾಳೇನೋ ಅಂತ ಭಯ ಆಯ್ತು ನೋಡು."